ವಾಪಸಾದ ದಂಡ

ಬ್ಯಾಂಕ್ ಮ್ಯಾನೇಜರನ ಊಟದ ಡಬ್ಬಿ ತೆರೆದೇ ಇತ್ತು. ಎದುರಿಗೆ ಕುಳಿತ ಹೆಂಗಸು ಏಳುವ ಹಾಗೆ ಕಾಣಲಿಲ್ಲ.

“ಎಸ್ಸೆಮ್ಮೆಸ್ ಕಳಿಸಿದ್ದಕ್ಕಂತ ನಮ್ಮನಿಯವರ ಖಾತೆದಾಗಿನ ರೊಕ್ಕ ಮುರ್ಕೊಂಡ್ರಿ. ಅದಕ್ಕ ಅಪಘಾತ ವಿಮಾದ ಇಪ್ಪತ್ತು ರೂಪಾಯಿ ಕಂತಿಗೆ ಕಡಿಮಿ ಬಿತ್ತು. ಕಂತು ಹೋಗಲಿಲ್ಲಂತ ಮತ್ತ ದಂಡ ಹಾಕೀರಿ. ಇದ್ಯಾವ ನ್ಯಾಯರಿ ಸಾಹೇಬ್ರ?”

ಹಸಿದಿದ್ದ ಮ್ಯಾನೇಜರ್ ಧಾರಾಳಿಯಾದ. “ಆತು ಬಿಡವ್ವ, ದಂಡ ವಾಪಸ್ ಹಾಕಿಸ್ತೀನಿ.”

“ಹಂಗಾರ ವಿಮಾ?”

“ಅದು ರದ್ದಾತು. ಇಪ್ಪತ್ತು ರೂಪಾಯಿ ವಿಮಾಕ್ಕ ಯಾಕಿಷ್ಟು ತಲಿ ಕೆಡಿಸ್ಕೊಂತಿ? ಮುಂದಿನ ವರ್ಷ ಅವರ ಹೆಸರ್ಲೆ ಮತ್ತ ಮಾಡ್ಸೀಯಂತ” ಎನ್ನುತ್ತ ಅವನು ರೊಟ್ಟಿ ಮುರಿದ.

“ಮುಂದಿನ ವರ್ಷ ಅವರೆಲ್ಲಿಂದ ಬರ್ತಾರ್ರೀ? ಹೋದ ವಾರ ಲಾರಿ ಬಡದು ಸತ್ರು.”