ಕೆಂಪು ಗೆರೆ

ತೂತುಗಳಲ್ಲಿ ಗಟ್ಟಿಕಟ್ಟಿದ ನೀರಿನ ಸುಣ್ಣ ಕರಗಲೆಂದು ಷವರ್‌ನ ಬಾಯಿಗೆ ವಿನೆಗರ್ ತುಂಬಿದ ಚೀಲವನ್ನು ಬೆಳಗಿನಿಂದ ಕಟ್ಟಿಟ್ಟಿದ್ದರೂ ನೀರು ಮುದುಕನ ಮೂತ್ರದಂತೆ ತೊಟ್ಟಿಕ್ಕುತ್ತಲೇ ಇತ್ತು. ಹನ್ನೆರಡು ಗಂಟೆ ಕಾಲ ಟೊಲೆಡೊ ನಗರದ ತಾರಸಿಗಳ ಮೇಲೆ ಕುದಿಯುವ ಡಾಂಬರು ಬಳಿದು ಬಂದಿದ್ದ ಲೋನಿಗೆ ಬೇಕಾಗಿದ್ದುದು ಒಂದೇ, ಬೆನ್ನಿಗೆ ಬಡಿಯುವ ಬಿಸಿನೀರು. "ಈ ಮನೆ ಓನರ್‌ಗೆ ನಾಳೆ ಇದೆ ಹಬ್ಬ," ಎಂದು ಹಲ್ಲು ಕಡಿಯುತ್ತ ಅವನು ಟಬ್ಬಿನ ಹಿಂದಿನ ಗೋಡೆಯ ಹಲಗೆ ಬಿಚ್ಚಿದ.

ಒಳಗಿನ ವಾಲ್ವನ್ನು ಯಾರೋ ಅರ್ಧಕ್ಕೆ ಮುಚ್ಚಿ, ಅಲ್ಲಿಗೇ ನಿಲ್ಲಬೇಕೆಂದು ಉಗುರುಬಣ್ಣದಲ್ಲಿ ಕೆಂಪು ಗೆರೆ ಎಳೆದಿದ್ದರು. ಆ ಬಣ್ಣ ಅವನ ತಾಯಿ ವರ್ನಾಳದು. ಲೋನಿ ಸಿಟ್ಟಿನಿಂದ ವಾಲ್ವನ್ನು ಪೂರ್ತಿ ತಿರುಗಿಸಿದ. ಷವರ್ ಭೋರ್ಗರೆಯಿತು.

"ಅಮ್ಮಾ, ನಿಂಗೇನ್ ತಲೆ ಕೆಟ್ಟಿದ್ಯಾ? ಎರಡು ತಿಂಗಳಿಂದ ಓನರ್‌ನ ಬಯ್ಕೊಂಡು ಸಾಯ್ತಿದೀನಿ ನಾನು!"

ವರ್ನಾ ಬಾಗಿಲಿಗೆ ಒರಗಿದಳು. "ಮೆಲ್ಲಗೆ ಮಾತಾಡೋ. ನೀರು ಜೋರಾಗಿ ಬಿದ್ರೆ ಡೇಲ್‌ಗೆ ಬೆನ್ನಲ್ಲಿ ಮೊಳೆ ಹೊಡೆದಂಗಾಗುತ್ತಂತೆ. ಅಣ್ಣಂಗೆ ಮಾತ್ರ ಹೇಳ್ಬೇಡ ಅಂದಿದ್ದ."

ಎರಡು ತಿಂಗಳ ಹಿಂದೆ ಡಾಂಬರಿನ ಬಕೆಟ್ಟಿನ ಹಗ್ಗ ಜಾರಿದ್ದು ಲೋನಿಯ ಕೈಯಿಂದ. ಕೆಳಗೆ ಬಗ್ಗಿ ನಿಂತಿದ್ದವನು ತಮ್ಮ ಡೇಲ್.

ಲೋನಿ ವಾಲ್ವನ್ನು ಹಿಂದಕ್ಕೆ ತಿರುಗಿಸಿ ಕೆಂಪು ಗೆರೆಗೆ ಸರಿಯಾಗಿ ನಿಲ್ಲಿಸಿದ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಡೇಲ್‌ನ ದನಿ ಬಂತು. "ಅಣ್ಣಾ, ನೀರು ಸರಿಹೋಯ್ತಾ?"

"ಎಲ್ಲಿ ಸರಿಹೋಗುತ್ತೋ," ಎಂದ ಲೋನಿ, ಹಲಗೆಗೆ ತಿರುಪು ಬಿಗಿಯುತ್ತ. "ಪೈಪೇ ಹಳೇದು. ಏನೂ ಮಾಡಕ್ಕಾಗಲ್ಲ ಕಣೋ."