ಬಾಳಮ್ಮನ ಸೊಲ್ಲು

ಮಾಘದ ಆ ಮುಂಜಾನೆ ಉಮರಗಾದ ಮೇಲೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಹೈದರಾಬಾದ ರಸ್ತೆಯ ಲಾರಿಗಳು ಹೊತ್ತು ಮೂಡಿದ ಮೇಲೂ ದೀಪ ಹಚ್ಚಿಕೊಂಡೇ ತೆವಳುತ್ತಿದ್ದವು. ಸಾಸ್ತೂರಿನಿಂದ ಗಾಡಿ ಕಟ್ಟಿಕೊಂಡು ಬಂದ ಕಲ್ಯಾಣಪ್ಪನೂ ಅವನ ಹೆಂಡತಿ ಕಸ್ತೂರಬಾಯಿಯೂ ಓಂಪ್ರಕಾಶನ ರೇಡಿಯೋ ಅಂಗಡಿ ತೆರೆಯುವುದನ್ನೇ ಕಾಯುತ್ತಿದ್ದರು. ಅವಳು ಏಕತಾರಿಯನ್ನು ಕೂಸಿನಂತೆ ಸೆರಗಿನೊಳಗೆ ಹಿಡಿದಿದ್ದಳು.

“ದನಿ ಹಿಡಿಯೋ ಮಿಶೀನ ಬೇಕಾಗ್ಯಾದ್ರಿ,” ಎಂದಳು, ಬಾಗಿಲು ಪೂರ್ತಿ ತೆರೆಯುವ ಮೊದಲೇ.

ಓಂಪ್ರಕಾಶ ಎರಡು ಪೆಟ್ಟಿಗೆ ತಂದಿಟ್ಟ. “ಇದು ಹೊಸಾದು ನೋಡ್ರಿ ಬಾಯಿ, ಫೀತಾದ್ದು, ಟೇಪಿಂದು. ದನಿ ಗಂಟಿ ಹೊಡದಂಗ ಬರ್ತದ, ಆದ್ರ ಕರೆಂಟ ಬೇಕು. ಇದು ಹಳೀದು, ತಂತಿ ಮ್ಯಾಲ ದನಿ ಹಿಡೀತದ. ಲಷ್ಕರದ ಲಿಲಾವದಾಗ ತಗೊಂಡಿದ್ದು. ಜರಾ ಗರಗರ ಅಂತದ, ಆದ್ರ ಲಾರಿ ಬ್ಯಾಟರಿ ಮ್ಯಾಲ ನಡೀತದ.”

“ಇದು ಹೋಗೂದು ಮಾಕಣಿಗಿ. ಆ ಊರಾಗ ಕರೆಂಟ ಎಲ್ಲಿಂದ ಬರಬೇಕು? ಹಳೀದೇ ಇರಲಿ.”

“ಹೊಸಾದು ನಮ್ಮ ಕೈಗಿ ನಿಲುಕೂದೂ ಇಲ್ಲ ಬಿಡು,” ಎಂದು ಕಲ್ಯಾಣಪ್ಪ ಹಗುರಾದ.

ಓಂಪ್ರಕಾಶ ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದು ಯಂತ್ರ ಚಾಲು ಮಾಡಿದ. ಕಸ್ತೂರಬಾಯಿ ಕಣ್ಣುಮುಚ್ಚಿ ಶಿವನ ಪದದ ಒಂದು ಸಾಲು ಹಾಡಿದಳು. ಆಮೇಲೆ ಸುಮ್ಮನಾದಳು. ಬೆರಳು ಮಾತ್ರ ಏಕತಾರಿ ಮಿಡಿಯುತ್ತಿತ್ತು. ತುಸು ಹೊತ್ತಿಗೆ ಎರಡನೆಯ ಸಾಲು ಹಾಡಿ ಮತ್ತೆ ಸುಮ್ಮನಾದಳು. ಓಂಪ್ರಕಾಶ ಯಂತ್ರ ನಿಲ್ಲಿಸಿದ.

“ಪದ ಮರತ್ರೇನು?”

“ಮರತಿಲ್ಲ. ಹಿಂದಿನ ಸೊಲ್ಲು ಬಾಳಮ್ಮಂದು.”

“ಯಾವ ಬಾಳಮ್ಮ?” ಅವನು ಬಾಗಿಲ ಕಡೆ ನೋಡಿದ. ಅಲ್ಲಿ ಮಂಜಿನ ಹೊರತು ಯಾರೂ ಇರಲಿಲ್ಲ.

ಬಾಳಮ್ಮ ಮಾಕಣಿಯ ಕುರಿಗಾರರ ಮನೆಯವಳು. ಕಸ್ತೂರಬಾಯಿ ಹಾಡಿದ ಸಾಲನ್ನು ಎತ್ತಿಕೊಂಡು ಹಿಂದಿನ ಸೊಲ್ಲು ಹಾಡುವವಳು. ಇಬ್ಬರೂ ಪ್ರಾಯದಿಂದ ಜೋಡಿ. ಹೋದ ಶಿವರಾತ್ರಿಯ ಜಾಗರಣೆಗೆ ನಿಲಂಗಾದಿಂದ ದೊಡ್ಡ ಮಂದಿ ಬಂದಿದ್ದರು. ಅವರು ತಲೆದೂಗಿದ್ದಕ್ಕೆ ಹಿಗ್ಗಿ ಕಸ್ತೂರಬಾಯಿ ಮುಂದಿನದನ್ನೂ ಹಿಂದಿನದನ್ನೂ ತಾನೇ ಹಾಡಿಬಿಟ್ಟಳು. ಬಾಳಮ್ಮ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು, ಮುಚ್ಚಿದಳು. ಕೊನೆಗೆ ಎದ್ದು, ಸೊಂಟದ ಚೀಲದಿಂದ ಕುಲದೇವರು ಬೀರಪ್ಪನ ಭಂಡಾರದ ಅರಿಸಿನ ತೆಗೆದು ಹಣೆಗೊತ್ತಿಕೊಂಡಳು. “ನೀ ಇದ್ದ ಜಾಗಾದಾಗ ಇನ್ನ ನಾ ಬಾಯಿ ತೆರಿಯಲ್ಲ, ಅಪ್ಪನ ಆಣಿ,” ಎಂದು ಹೇಳಿ ಹೊರಟುಹೋದಳು.

ಇಷ್ಟನ್ನೂ ಕಲ್ಯಾಣಪ್ಪನೇ ಅಂಗಡಿಕಾರನಿಗೆ ಹೇಳಿದ. “ಹೋಗಿ ಕಾಲ ಹಿಡಿ ಅಂದೆ ಇಕಿಗಿ.”

“ಹಿಡದೆ,” ಎಂದಳು ಕಸ್ತೂರಬಾಯಿ. “ನನ್ನ ಎತ್ತಿ ಕೂಡ್ಸಿದಳು, ರೊಟ್ಟಿ ಇಟ್ಟಳು, ಬಾಯಿ ಮಾತ್ರ ತೆರೀಲಿಲ್ಲ. ದೇವರ ಆಣಿ ಮುರಿ ಅಂತ ನಾ ಹ್ಯಾಂಗ ಹೇಳಬೇಕು? ಅದಕ್ಕ, ನಾ ಹೋಗಬಾರದು. ನನ್ನ ದನಿ ಅಷ್ಟೇ ಹೋಗಬೇಕು.”

ಓಂಪ್ರಕಾಶ ತಲೆ ಕೆರೆದುಕೊಂಡ. “ಅದೆಲ್ಲ ಖರೆ ಬಾಯಿ. ಆದ್ರ ತಂತಿ ಸುರುಳಿ ಒಂದೇ ಅದ, ಅದೂ ಸಣ್ಣದು. ತಡೀದಂಗ ಹಾಡಿದ್ರ ನಾಕು ಪದ ಹಿಡಸ್ತಾವ. ಹಿಂಗ ನಡುನಡುವ ಸುಮ್ಮ ಕುಂತ್ರ ಎರಡು ಹಿಡಸೂದೇ ಕಠಿಣ.”

“ಒಂದೇ ಹಿಡಸಲಿ.”

“ಅರೇ ಬಾಪರೇ! ಸುಮ್ಮ ಕೂಡೂದನ್ನ ತುಂಬಿಕೊಳ್ಳಲಿಕ್ಕ ಮಿಶೀನ ಕೊಳ್ಳೋರನ್ನ ಇವತ್ತೇ ಕಂಡೆ.”

“ಮನ್ಯಾಗ ಹಿಂಗ ಸುಮ್ಮ ಕೂಡ್ತಾಳ ಅಂದಿದ್ರ ನಾ ಎಂದೋ ಕೊಡಸ್ತಿದ್ದೆ,” ಎಂದ ಕಲ್ಯಾಣಪ್ಪ.

ಅವಳು ನಗಲಿಲ್ಲ. ಹಿಡಿದದ್ದನ್ನು ಕೇಳಿಸೆಂದಳು. ಪೆಟ್ಟಿಗೆಯಿಂದ ಅವಳ ದನಿ ತುಂಬಿ ಬಂತು. ಆದರೆ ಅವಳು ಸುಮ್ಮನಾದ ಕಡೆ ಗರಗರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

“ಏಕತಾರಿ ತಾರ ಕೇಳಸವಲ್ದು. ತಾರ ಇಲ್ಲಂದ್ರ ಆಕಿ ಸೂರ ಎಲ್ಲಿಂದ ಹಿಡೀಬೇಕು?”

“ಅದಕ್ಕ ಇನ್ನೊಂದು ಮೈಕ ಬೇಕಾಗ್ತದ್ರಿ. ಅದರ ಖರ್ಚ ಬ್ಯಾರೆ.”

ಕಸ್ತೂರಬಾಯಿ ಗಂಡನ ಮುಖ ನೋಡಲೂ ಇಲ್ಲ. ಇದ್ದೊಂದು ಮೈಕನ್ನು ತನ್ನ ಬಾಯಿಯಿಂದ ಕೆಳಕ್ಕೆ ಸರಿಸಿ ಏಕತಾರಿಯ ಬುರುಡೆಯ ಎದುರು ಇಟ್ಟಳು.

“ಹಂಗ ಇಟ್ರ ನಿಮ್ಮ ದನಿ ಸಣ್ಣ ಆಗ್ತದ, ಬಾಯಿ.”

“ಆಗಲಿ.”

ಆ ವಾರ ಅವರು ಯಂತ್ರವನ್ನು ಮನೆಯ ದೇವರ ಕೋಣೆಯಲ್ಲಿಟ್ಟು, ಎತ್ತಿನ ಗಂಟೆಯ ಸದ್ದು ಒಳಗೆ ಬಾರದಂತೆ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಒಂದು ಪದವನ್ನು ತಂತಿಗೆ ಹಿಡಿದರು. ಯಂತ್ರವನ್ನೂ ಬ್ಯಾಟರಿಯನ್ನೂ ಗಾಡಿಗೆ ಹೇರಿಕೊಂಡು ಕಲ್ಯಾಣಪ್ಪ ಒಬ್ಬನೇ ಮಾಕಣಿಗೆ ಹೋದ.

ಬಾಳಮ್ಮ ಹಟ್ಟಿಯ ಮುಂದೆ ಉಣ್ಣೆ ನೂಲುತ್ತಿದ್ದಳು. “ಆಕಿ ಬಂದಾಳೇನು, ಅಣ್ಣಾ?”

“ಇಲ್ಲವ್ವಾ. ಆಕಿ ಸಾಸ್ತೂರದಾಗೇ ಅದಾಳ.”

ಅವನು ಬ್ಯಾಟರಿ ಜೋಡಿಸಿದ. ಪೆಟ್ಟಿಗೆಯೊಳಗಿಂದ ಕಸ್ತೂರಬಾಯಿ, ದೂರದ ಹೊಲದಿಂದ ಕೂಗಿದಷ್ಟು ಸಣ್ಣಗೆ, ಮೊದಲ ಸಾಲು ಹಾಡಿದಳು. ಆಮೇಲೆ ತಾರ ಒಂದೇ ಮಿಡಿಯಿತು. ಬಾಳಮ್ಮ ತಲೆ ಎತ್ತಲಿಲ್ಲ. ಎರಡನೆಯ ಸಾಲು ಬಂತು. ಮತ್ತೆ ಬರೀ ತಾರ. ನೂಲುವ ಕೈ ನಿಂತಿತು. ಮೂರನೆಯ ಸಾಲು ಮುಗಿದಾಗ ಅವಳು ಕುರಿಗಳ ಕಡೆ ಮುಖ ತಿರುಗಿಸಿ, ಯಾರೂ ಕೇಳಬಾರದೆಂಬಷ್ಟು ಮೆಲ್ಲಗೆ ಸೊಲ್ಲು ಎತ್ತಿಕೊಂಡಳು.

ಅವಳ ಉಸಿರು ಮುಗಿದಲ್ಲೇ ಪೆಟ್ಟಿಗೆಯಿಂದ ನಾಲ್ಕನೆಯ ಸಾಲು ಎದ್ದಿತು. ಒಂದು ಎಳೆ ಮುಂಚೆಯಲ್ಲ, ಒಂದು ಎಳೆ ತಡವೂ ಅಲ್ಲ.

“ನನ್ನ ಸಲುವಾಗಿ ತಡದಾಳ,” ಎಂದು ಬಾಳಮ್ಮ ಕುರಿಗಳಿಗೆ ಹೇಳಿದಳು.