ಎಳೀ ಹಸಿರು

ಎಂಬತ್ತು ವರ್ಷ ಆ ಸಣ್ಣ ಸ್ಟೇಷನ್ನಿನ ರೈಲುಗಳನ್ನೆಲ್ಲ ಒಂದು ಕೈಮರವೇ ನಡೆಸಿತ್ತು. ಕಬ್ಬಿಣದ ಕೈ ಇಳಿದರೆ ರೈಲು ಹೊರಡಬೇಕು, ಚಾಚಿದ್ದರೆ ನಿಲ್ಲಬೇಕು. ಅದರ ಲಿವರನ್ನು ಮೂವತ್ತು ವರ್ಷ ಎಳೆದವನು ದಾವಲಸಾಬ. ಈಗ ಕೈಮರ ಕಿತ್ತು ಬಣ್ಣದ ದೀಪ ನಿಲ್ಲಿಸಿದ್ದರು. ಬಣ್ಣ ಗುರುತಿಸಿದರೆ ಅವನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಹಳಿಯ ಮೇಲಿನ ಹುಲ್ಲು ಕೀಳಬೇಕು ಎಂದು ಪರೀಕ್ಷೆಗೆ ಬಂದ ಸಾಹೇಬರು ಮೊದಲೇ ಹೇಳಿದ್ದರು. ದೀಪದ ಎದುರಿಗೆ ಹನ್ನೊಂದು ಗಂಟೆಯ ಪ್ಯಾಸೆಂಜರ್ ನಿಂತಿತ್ತು.

“ಏನಯ್ಯಾ, ಮೂವತ್ತು ವರ್ಷ ಕಬ್ಬಿಣದ ಕೈ ಕುಲುಕಿದೋನೆ, ಆ ದೀಪ ಯಾವ ಬಣ್ಣ?”

“ಕೆಂಪರೀ, ಸಾಹೇಬ್ರ.”

ಸಾಹೇಬರು ನಕ್ಕರು. “ಸರಿಯಾಗಿ ನೋಡು.”

ದಾವಲಸಾಬ ಕಣ್ಣುಜ್ಜಿಕೊಂಡು ನೋಡಿದ. “ಕೆಂಪ ಐತ್ರಿ. ಖರೇನ ಕೆಂಪ.”

“ಹಸಿರು ಕಣಯ್ಯಾ! ಇಂಥ ಕುರುಡನ ಕೈಗೆ ರೈಲು ಕೊಟ್ಟಿದ್ರಲ್ಲ! ಮಾಸ್ತರೇ, ನೀವೇ ಹೇಳಿ.”

ಸ್ಟೇಷನ್ ಮಾಸ್ತರರ ಬಡ್ತಿಯ ಕಾಗದ ಸಾಹೇಬರ ಚೀಲದಲ್ಲಿತ್ತು. ಅವರು ದೀಪ ನೋಡಿದರು, ಆಮೇಲೆ ಸಾಹೇಬರ ಮುಖ ನೋಡಿದರು.

“ತಾವು ಅಂದಂಗರೀ, ಹಸಿರು. ಎಳೀ ಹಸಿರು.”

“ಬರ್ಕೊಳ್ಳಿ, ನಪಾಸು.”

ಮಾಸ್ತರರು ತಲೆ ತಗ್ಗಿಸಿ ಬರೆದುಕೊಂಡರು. ದಾವಲಸಾಬ ತಲೆಯ ರುಮಾಲು ಬಿಚ್ಚಿ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಪ್ಯಾಸೆಂಜರ್ ನಿಂತಲ್ಲೇ ನಿಂತಿತ್ತು. ಸಾಹೇಬರು ಗಡಿಯಾರ ನೋಡಿಕೊಂಡು ಎಂಜಿನ್ನಿನತ್ತ ಬೆರಳು ಮಾಡಿದರು.

“ಹಸಿರು ಕೊಟ್ಟರೂ ಹೊರಡದ ಆ ಡ್ರೈವರನ ಹೆಸರೂ ಬರ್ಕೊಳ್ಳಿ.”